ಸಿಪಾಯಿಯ ದಿನಚರಿ: ನಂಬಿದ್ದು ಮತ್ತು ಇರುವುದು

ಭಾರತೀಯ ಭೂಸೇನೆಯ ಮೊದಲ ಮೆಟ್ಟಿಲಿನ ಹೆಸರು ಸಿಪಾಯಿ. ಫಿರಂಗಿ ದಳದಲ್ಲಿ ಅವನೇ ಗನ್ನರ್, ಎಂಜಿನಿಯರ್ ದಳದಲ್ಲಿ ಸ್ಯಾಪರ್, ಟ್ಯಾಂಕ್ ದಳದಲ್ಲಿ ಸವಾರ. ಇವರನ್ನೆಲ್ಲ ಒಟ್ಟಾಗಿ ಜವಾನರು ಎಂದು ಕರೆಯುವುದು ಸೇನೆಯ ರೂಢಿ. ಕನ್ನಡ ನಾಡಿನ ಕಚೇರಿಗಳಲ್ಲಿ ಜವಾನನೆಂದರೆ ಕಡತ ಹೊರುವವನು. ಹಾಗಾಗಿ ಇಲ್ಲಿನ ಪತ್ರಿಕೆಗಳಿಗೆ ಅವನು ‘ಯೋಧ’, ಊರಿನ ಬಾಯಲ್ಲಿ ‘ಮಿಲಿಟ್ರಿಯವನು’. ಅವನ ಬದುಕಿನ ಬಗ್ಗೆ ಊರಿಗಿರುವ ತಿಳಿವಳಿಕೆ ಅರ್ಧ ಸಿನಿಮಾದಿಂದ ಬಂದದ್ದು, ಉಳಿದರ್ಧ ರಜೆಗೆ ಬಂದವನ ಕಬ್ಬಿಣದ ಟ್ರಂಕಿನಿಂದ.

‘ಸದಾ ಗಡಿಯಲ್ಲಿ, ಸದಾ ಬಂದೂಕು ಹಿಡಿದು’

ಈ ನಂಬಿಕೆಯಲ್ಲಿ ಎರಡು ತಪ್ಪುಗಳಿವೆ. ಪಾಕಿಸ್ತಾನ ಮತ್ತು ಬಾಂಗ್ಲಾದೇಶದ ಜೊತೆಗಿನ ಅಂತರರಾಷ್ಟ್ರೀಯ ಗಡಿಯನ್ನು ಶಾಂತಿಕಾಲದಲ್ಲಿ ಕಾಯುವುದು ಗಡಿ ಭದ್ರತಾ ಪಡೆ, ಅಂದರೆ ಬಿಎಸ್‌ಎಫ್. ಅದೂ ಸಿಆರ್‌ಪಿಎಫ್ ಕೂಡ ಕೇಂದ್ರ ಗೃಹ ಸಚಿವಾಲಯದ ಅಡಿ ಬರುತ್ತವೆ. ಸೇನೆ ರಕ್ಷಣಾ ಸಚಿವಾಲಯದ್ದು. ಊರಿನಲ್ಲಿ ಎಲ್ಲರೂ ‘ಮಿಲಿಟ್ರಿ’ಯವರೇ ಆದರೂ ನೇಮಕಾತಿ, ನಿಯಮ, ಪಿಂಚಣಿ ಬೇರೆ ಬೇರೆ. ಜಮ್ಮು-ಕಾಶ್ಮೀರದ ನಿಯಂತ್ರಣ ರೇಖೆಯ ಹೊಣೆ ಮಾತ್ರ ಮುಖ್ಯವಾಗಿ ಸೇನೆಯದು.

ಸೇನೆಯ ಪಡೆಗಳೂ ಸದಾ ಅಲ್ಲಿಯೇ ಇರುವುದಿಲ್ಲ. ಒಂದು ಬೆಟಾಲಿಯನ್ ಕೆಲವು ವರ್ಷ ‘ಫೀಲ್ಡ್’ನಲ್ಲಿದ್ದರೆ ಆಮೇಲೆ ಕೆಲವು ವರ್ಷ ‘ಪೀಸ್’ ನೆಲೆಗೆ ಬರುತ್ತದೆ. ಪೀಸ್ ಎಂದರೆ ವಿಶ್ರಾಂತಿ ಎಂದುಕೊಳ್ಳುವುದು ಇನ್ನೊಂದು ತಪ್ಪು.

ಪೀಸ್ ನೆಲೆಯಲ್ಲಿ ದಿನ ಆರಂಭವಾಗುವುದು ಸೂರ್ಯ ಹುಟ್ಟುವ ಮುಂಚೆ. ಗಡ್ಡ ಬೋಳಿಸಿ, ಹಾಸಿಗೆ ಮಡಚಿ, ಪಿಟಿಗೆ ಸಾಲುಗಟ್ಟಬೇಕು. ಕೆಲವು ದಿನ ಬರೀ ಓಟ, ಕೆಲವು ದಿನ ರೈಫಲ್ ಮತ್ತು ಹೊರೆ ಹೊತ್ತು ಐದು ಕಿಲೋಮೀಟರ್ ಓಟದ ಅಭ್ಯಾಸ. ತಿಂಡಿಯಾದ ಮೇಲೆ ಪರೇಡ್. ಆಮೇಲೆ ಆಯುಧ ಒರೆಸುವುದು, ವಾಹನದ ಎಣ್ಣೆ-ಗಾಳಿ ನೋಡುವುದು, ನಕ್ಷೆ ಓದುವ ಪಾಠ, ವೈರ್‌ಲೆಸ್ ಪಾಠ. ಇವುಗಳ ನಡುವೆ ‘ಫಟೀಗ್’ ಎಂಬ ಕೆಲಸ ಬಂದು ಕೂರುತ್ತದೆ. ಲಾರಿಯಿಂದ ರೇಷನ್ ಇಳಿಸುವುದು, ಹುಲ್ಲು ಕೀಳುವುದು, ಕಲ್ಲಿಗೆ ಸುಣ್ಣ ಬಳಿಯುವುದು, ಹಿರಿಯ ಅಧಿಕಾರಿ ಬರುವ ದಿನವಾದರೆ ಬಳಿದ ಸುಣ್ಣದ ಮೇಲೆ ಮತ್ತೆ ಸುಣ್ಣ. ಸಂಜೆ ಆಟ, ಅದೂ ಕಡ್ಡಾಯ. ಆಮೇಲೆ ‘ರೋಲ್ ಕಾಲ್’: ತಲೆ ಎಣಿಸಿ, ಮರುದಿನ ಯಾರಿಗೆ ಯಾವ ಕೆಲಸ ಎಂದು ಓದುತ್ತಾರೆ. ಕಾವಲಿನ ಸರದಿ ಬಿದ್ದರೆ ಸಾಮಾನ್ಯವಾಗಿ ಎರಡು ಗಂಟೆ ನಿಲ್ಲಬೇಕು, ನಾಲ್ಕು ಗಂಟೆ ಬಿಡುವು, ಮತ್ತೆ ಎರಡು ಗಂಟೆ. ಆ ರಾತ್ರಿಯ ನಿದ್ದೆ ತುಂಡು ತುಂಡು. ಇಡೀ ಸೇವೆಯ ಲೆಕ್ಕ ಹಾಕಿದರೆ ಸಿಪಾಯಿ ಗುಂಡು ಹಾರಿಸಿದ ಗಂಟೆಗಳಿಗಿಂತ ಒರೆಸಿದ, ಎಣಿಸಿದ, ಕಾದ ಗಂಟೆಗಳೇ ಎಷ್ಟೋ ಪಾಲು ಹೆಚ್ಚು. ಸೇನೆ ಸನ್ನದ್ಧವಾಗಿರುವುದು ಈ ಬೇಸರದ ಕೆಲಸಗಳಿಂದಲೇ.

ಬಂದೂಕು ಕೂಡ ಅವನ ಮಗ್ಗುಲಲ್ಲಿ ಮಲಗುವುದಿಲ್ಲ. ಪೀಸ್ ನೆಲೆಯಲ್ಲಿ ಅದು ‘ಕೋತ್’ ಎಂಬ ಶಸ್ತ್ರಾಗಾರದಲ್ಲಿ ಬೀಗದೊಳಗೆ ಇರುತ್ತದೆ. ಸಹಿ ಹಾಕಿ ಪಡೆಯಬೇಕು, ಒರೆಸಿ ಒಪ್ಪಿಸಬೇಕು. ಗುರಿ ಅಭ್ಯಾಸ ಮುಗಿದ ಮೇಲೆ ಖಾಲಿ ತೋಟಾಗಳನ್ನೂ ಹೆಕ್ಕಿ ಲೆಕ್ಕ ಕೊಡಬೇಕು; ಒಂದು ಕಡಿಮೆಯಾದರೂ ಮೈದಾನದಲ್ಲಿ ಹುಡುಕಾಟ ಶುರು.

‘ಎಲ್ಲರೂ ಹೊಡೆದಾಡುವವರೇ, ಅಪ್ಪಣೆಯೆಲ್ಲ ಅಧಿಕಾರಿಯದೇ’

ಚಾಲಕ, ಗುಮಾಸ್ತ, ಅಡುಗೆಯವ, ಕ್ಷೌರಿಕ, ಶುಶ್ರೂಷಾ ಸಹಾಯಕ, ರೇಡಿಯೊ ಆಪರೇಟರ್, ಮೆಕ್ಯಾನಿಕ್, ಇವರೂ ಸೈನಿಕರೇ. ಅಡುಗೆಯವನೂ ರೈಫಲ್ ಕಲಿತವನೇ. ರೇಷನ್ ಮತ್ತು ಇಂಧನ ಸಾಗಿಸುವ ಸರಬರಾಜು ದಳ, ಎಂಜಿನಿಯರ್ ದಳದ ಮದ್ರಾಸ್ ಸ್ಯಾಪರ್ಸ್, ಮಿಲಿಟರಿ ಪೊಲೀಸ್ ಈ ಮೂರರ ತರಬೇತಿ ಕೇಂದ್ರಗಳೂ ಬೆಂಗಳೂರಿನಲ್ಲಿವೆ. ಸಿಪಾಯಿ ದರ್ಜೆ ಗಂಡಸರಿಗಷ್ಟೇ ಎಂಬ ಮಾತು ಸುಳ್ಳಾದದ್ದೂ ಈ ನಗರದಲ್ಲಿಯೇ. ಮಿಲಿಟರಿ ಪೊಲೀಸ್ ದಳದ 83 ಮಹಿಳೆಯರ ಮೊದಲ ತಂಡ 61 ವಾರಗಳ ತರಬೇತಿ ಮುಗಿಸಿ 2021ರ ಮೇ 8ರಂದು ಇಲ್ಲಿಂದ ಹೊರಬಂತು.

ಸಿನಿಮಾದಲ್ಲಿ ಸಿಪಾಯಿಗೆ ನೇರವಾಗಿ ಅಪ್ಪಣೆ ಕೊಡುವವನು ಮೇಜರ್ ಅಥವಾ ಕರ್ನಲ್. ಪದಾತಿ ದಳದಲ್ಲಿ ಸಿಪಾಯಿಯ ನಿತ್ಯದ ಲೋಕವೆಂದರೆ ಹತ್ತು ಜನರ ಸೆಕ್ಷನ್, ಅದರ ಮೇಲೊಬ್ಬ ಹವಾಲ್ದಾರ. ಯಾರು ಕಾವಲಿಗೆ, ಯಾರು ಫಟೀಗಿಗೆ, ಯಾರ ರಜೆಯ ಅರ್ಜಿ ಮುಂದೆ ಹೋಗಬೇಕು ಎಂಬುದೆಲ್ಲ ಹವಾಲ್ದಾರ ಮತ್ತು ‘ಸುಬೇದಾರ್ ಸಾಬ್’ ಮಟ್ಟದಲ್ಲಿ ಆರಂಭವಾಗುತ್ತದೆ. ಬಡ್ತಿಯ ಮೆಟ್ಟಿಲುಗಳು ಹೀಗಿವೆ: ಸಿಪಾಯಿಯಿಂದ ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್. ಅಲ್ಲಿಂದ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಆಯ್ಕೆಯಲ್ಲಿ ಗೆದ್ದ ಕೆಲವರು ಡೆಹ್ರಾಡೂನಿನ ಆರ್ಮಿ ಕ್ಯಾಡೆಟ್ ಕಾಲೇಜಿನ ಮೂಲಕ ಅಧಿಕಾರಿಗಳೂ ಆಗುತ್ತಾರೆ.

ಕನ್ನಡದ ಹುಡುಗನಿಗೆ ಮೊದಲ ತಿಂಗಳುಗಳಲ್ಲಿ ಓಟಕ್ಕಿಂತ ಕಷ್ಟವಾಗುವುದು ಮಾತು. ‘ಸಾವಧಾನ್’, ‘ವಿಶ್ರಾಮ್’, ‘ತೇಜ್ ಚಲ್’ ಎಂದು ಪರೇಡ್ ನಡೆಯುವುದು ಹಿಂದಿಯಲ್ಲಿ. ಅವನು ಕಲಿಯುವುದು ಬ್ಯಾರಕ್ಕಿನ ಹಿಂದಿ, ವ್ಯಾಕರಣದ್ದಲ್ಲ. ಆದರೂ ಪ್ರಾದೇಶಿಕ ಬಣ್ಣ ಅಳಿಯುವುದಿಲ್ಲ: ಮದ್ರಾಸ್ ಸ್ಯಾಪರ್ಸ್‌ನವರು ಇಂದಿಗೂ ‘ತಂಬಿ’ಗಳು, ಮದ್ರಾಸ್ ರೆಜಿಮೆಂಟಿನ ರಣಘೋಷ ‘ವೀರ ಮದ್ರಾಸಿ, ಅಡಿ ಕೊಲ್ಲು’. ಅದರ ಕೊನೆಯ ಪದಕ್ಕೆ ಕನ್ನಡಿಗನಿಗೆ ಅನುವಾದ ಬೇಕಿಲ್ಲ.

‘ಮಿಲಿಟ್ರಿ ಊಟವೆಂದರೆ ಮಾಂಸ ಮತ್ತು ರಮ್’

ಮಾಂಸದೂಟದ ಹೋಟೆಲುಗಳಿಗೆ ‘ಮಿಲಿಟರಿ ಹೋಟೆಲ್’ ಎಂದು ಹೆಸರಿಟ್ಟ ನಾಡಿನಲ್ಲಿ ಈ ನಂಬಿಕೆ ಸಹಜ. ನಿಜವಾದ ಮಿಲಿಟರಿ ಊಟ ನಡೆಯುವ ಜಾಗದ ಹೆಸರು ಲಂಗರ್. ಅಲ್ಲಿ ನಿತ್ಯದ ಊಟ ದಾಲ್, ರೊಟ್ಟಿ, ಅನ್ನ, ತರಕಾರಿ. ಮಾಂಸ ತಿನ್ನದವರಿಗೆ ಬದಲಿ ಪದಾರ್ಥದ ಪ್ರಮಾಣ ನಿಗದಿಯಾಗಿದೆ. ಗೋಧಿ ಹಿಟ್ಟು ಬಂದ ಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ರೇಷನ್ನಿನಿಂದ ಹೊರಗಿದ್ದ ರಾಗಿ, ಜೋಳ, ಸಜ್ಜೆಗಳನ್ನು ಸೇನೆ 2023ರಲ್ಲಿ ಮರಳಿ ತಂದಿತು. ಸೈನಿಕರು ಬಯಸಿದರೆ ಧಾನ್ಯದ ಪಾಲಿನಲ್ಲಿ ಶೇ 25ರವರೆಗೆ ಸಿರಿಧಾನ್ಯದ ಹಿಟ್ಟು ಪಡೆಯಬಹುದು. ಕ್ಯಾಂಟೀನಿನ ಮದ್ಯ ಅಗ್ಗ, ಪುಕ್ಕಟೆಯಲ್ಲ. ಅದಕ್ಕೂ ತಿಂಗಳ ಮಿತಿಯಿದೆ. ಅಧಿಕಾರಿಗಳೂ ಜವಾನರೂ ಒಟ್ಟಿಗೆ ಕೂತು ಉಣ್ಣುವ ‘ಬಡಾ ಖಾನಾ’ ವಿಶೇಷ ದಿನಗಳದ್ದು.

‘ಯಾವಾಗ ನೋಡಿದರೂ ರಜೆ’

ಕಾಗದದ ಮೇಲೆ ರಜೆ ಉದಾರವಾಗಿಯೇ ಇದೆ: ಕಾಯಂ ಸೈನಿಕನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ, ನಾಲ್ಕು ವರ್ಷಕ್ಕಷ್ಟೇ ಸೇರುವ ಅಗ್ನಿವೀರರಿಗೆ ವಾರ್ಷಿಕ ರಜೆ 30 ದಿನ. ಆದರೆ ಅದು ಬೇಡಿದ ದಿನ ಸಿಗುವ ರಜೆಯಲ್ಲ. ಪಡೆಯಲ್ಲಿ ಇಷ್ಟು ಜನ ಇರಲೇಬೇಕೆಂಬ ಲೆಕ್ಕವಿದೆ. ಹಾಗಾಗಿ ಜಾತ್ರೆಗೆ ಬರುತ್ತೇನೆಂದವನು ಜಾತ್ರೆ ಮುಗಿದ ಮೇಲೆ ಬರುತ್ತಾನೆ. ಹಿಮ ಬಿದ್ದು ದಾರಿ ಮುಚ್ಚಿದರೆ ತಂದೆಯ ತಿಥಿಗೂ ತಲುಪಲಾಗುವುದಿಲ್ಲ. ಊರವರಿಗೆ ಕಾಣುವುದು ಅವನು ಬಂದ ಆ ತಿಂಗಳು. ಬಾರದ ಉಳಿದ ತಿಂಗಳುಗಳು ಕಾಣುವುದು ಮನೆಯವರಿಗೆ ಮಾತ್ರ.

ಹೆಂಡತಿ-ಮಕ್ಕಳು ಜೊತೆಗೇ ಇರುತ್ತಾರೆ ಎಂಬುದೂ ಅರ್ಧ ಸತ್ಯ. ಫೀಲ್ಡ್ ನೆಲೆಗೆ ಕುಟುಂಬ ಹೋಗುವಂತಿಲ್ಲ. ಪೀಸ್ ನೆಲೆಯಲ್ಲಿಯೂ ಕ್ವಾರ್ಟರ್ಸ್‌ಗೆ ಸರದಿ ಕಾಯಬೇಕು. ಪತ್ರದ ಮೇಲೆ ಊರಿನ ಹೆಸರಿನ ಬದಲು ‘56 ಎಪಿಒ’ ಅಥವಾ ‘99 ಎಪಿಒ’ ಎಂದು ಸೇನಾ ಅಂಚೆ ಕಚೇರಿಯ ಸಂಖ್ಯೆಯನ್ನಷ್ಟೇ ಬರೆಯಬೇಕು. ಮಗ ಎಲ್ಲಿದ್ದಾನೆಂಬುದು ಬರೆದ ತಾಯಿಗೂ ತಿಳಿಯದಿರಬಹುದು.

‘ಸಾವು ಬರುವುದು ಶತ್ರುವಿನ ಗುಂಡಿನಿಂದ’

ಸಿಯಾಚಿನ್ ಈ ನಂಬಿಕೆಯನ್ನು ಸುಳ್ಳು ಮಾಡುತ್ತದೆ. 1984ರ ಏಪ್ರಿಲ್‌ನಿಂದ ಭಾರತೀಯ ಸೇನೆ ಅಲ್ಲಿದೆ. 2003ರ ನವೆಂಬರಿನ ಕದನ ವಿರಾಮದ ನಂತರ ಅಲ್ಲಿ ಫಿರಂಗಿಗಳು ಮೌನವಾಗಿವೆ. ಸಾವು ಮಾತ್ರ ನಿಂತಿಲ್ಲ. ಹಿಮಪಾತ, ಹಿಮನದಿಯ ಬಿರುಕು, ತೆಳುಗಾಳಿಯಿಂದ ಶ್ವಾಸಕೋಶದಲ್ಲಿ ನೀರು ತುಂಬುವ ಕಾಯಿಲೆ, ಇವು ಅಲ್ಲಿ ಗುಂಡಿಗಿಂತ ಹೆಚ್ಚು ಜನರನ್ನು ಕೊಂದಿವೆ. 2016ರ ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮಗೋಡೆ ಕುಸಿದು 19ನೇ ಮದ್ರಾಸ್ ಬೆಟಾಲಿಯನ್ನಿನ ಹತ್ತು ಮಂದಿ ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಒಬ್ಬರೇ ಫೆಬ್ರವರಿ 8ರಂದು ಹಿಮದಡಿಯಿಂದ ಜೀವಂತವಾಗಿ ಸಿಕ್ಕರು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಮರುವರ್ಷ ಸಿಯಾಚಿನ್ ಭತ್ಯೆ ಜವಾನರಿಗೆ ತಿಂಗಳಿಗೆ 14,000 ರೂಪಾಯಿಯಿಂದ 30,000ಕ್ಕೆ ಏರಿತು.

‘ಸೇರಿದರೆ ಸಾಕು, ಜೀವನಪೂರ್ತಿ ಪಿಂಚಣಿ’

ಏಳನೇ ವೇತನ ಆಯೋಗದ ಪ್ರಕಾರ ಕಾಯಂ ಸಿಪಾಯಿಯ ಆರಂಭಿಕ ಮೂಲ ವೇತನ 21,700 ರೂಪಾಯಿ. ಅದರ ಮೇಲೆ ಮಿಲಿಟರಿ ಸೇವಾ ವೇತನ 5,200 ಮತ್ತು ಭತ್ಯೆಗಳು. ಪಿಂಚಣಿಗೆ ಕನಿಷ್ಠ 15 ವರ್ಷ ಸೇವೆ ಬೇಕು. ಬಡ್ತಿ ಸಿಗದೆ ಹೊರಬರುವವನಿಗೆ ಆಗ ನಲವತ್ತೂ ತುಂಬಿರುವುದಿಲ್ಲ. ಮಕ್ಕಳು ಶಾಲೆಯಲ್ಲಿರುವಾಗಲೇ ಅವನು ‘ಮಾಜಿ’. ಬ್ಯಾಂಕು, ಎಟಿಎಂಗಳ ಬಾಗಿಲಲ್ಲಿ ಕಾಣುವ ನಡುವಯಸ್ಸಿನ ಕಾವಲುಗಾರರಲ್ಲಿ ಇಂಥವರು ಬಹಳ.

2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆ ಈ ಲೆಕ್ಕವನ್ನೂ ಬದಲಿಸಿತು. ಈಗ ಸಿಪಾಯಿಯಾಗಲು ಹೋಗುವವನು ಮೊದಲು ಅಗ್ನಿವೀರನಾಗಿ ನಾಲ್ಕು ವರ್ಷ ದುಡಿಯಬೇಕು. ಮೊದಲ ವರ್ಷದ ವೇತನ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ ಕೈಗೆ ಬರುವುದು 21,000, ಉಳಿದದ್ದು ಸೇವಾ ನಿಧಿಗೆ. ಯೋಜನೆ ಪ್ರಕಟವಾದಾಗ ಹೇಳಿದಂತೆ ಶೇ 25ರವರೆಗಿನ ಅಗ್ನಿವೀರರಿಗೆ ಮಾತ್ರ ಕಾಯಂ ಸೇವೆ. ಉಳಿದವರು ಸರಕಾರ ಸೇರಿಸುವ ಪಾಲು ಮತ್ತು ಬಡ್ಡಿಯೂ ಕೂಡಿ ಸುಮಾರು 11.71 ಲಕ್ಷ ರೂಪಾಯಿ ಪಡೆದು ಮನೆಗೆ ಮರಳುತ್ತಾರೆ. ಅವರಿಗೆ ಪಿಂಚಣಿಯಿಲ್ಲ.