ಅಪ್ಪನ ಜತೆ ಮೀಟಿಂಗ್‌ಗೆ

ಅಪ್ಪ ಕುಡಿಯುತ್ತಾರೆ ಎನ್ನುವುದು ತೊಂಡೇಬಾವಿಯಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಗಾರೆ ಕೆಲಸ ಮುಗಿಸಿ ಬರುವಾಗ ಬಾರ್ ಮುಂದೆ ನಿಂತಿರುತ್ತಿದ್ದುದನ್ನು ಊರೆಲ್ಲ ನೋಡಿದೆ. ಆದರೆ ‘ಕುಡಿತ ಬಿಡೋರು ಸೇರೋ ಮೀಟಿಂಗ್ ಇದೆಯಂತೆ, ಹೋಗೋಣ್ವಾ ಅಪ್ಪ’ ಎಂದು ನಾನು ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು: ‘ಯಾರಾದ್ರೂ ನೋಡ್ಬಿಟ್ರೆ?’ ಮೊದಲು ನಗು ಬಂತು. ಆಮೇಲೆ ಅರ್ಥವಾಯಿತು. ಕುಡಿಯುವವನನ್ನು ಊರು ಅವನ ಪಾಡಿಗೆ ಬಿಟ್ಟುಬಿಡುತ್ತದೆ. ಬಿಡಲು ಹೊರಟವನನ್ನು ಮಾತ್ರ ‘ಎಷ್ಟು ದಿನವೋ ನೋಡೋಣ’ ಎಂದು ಕಾಯುತ್ತಾ ಕೂರುತ್ತದೆ.

ಅದಕ್ಕೂ ಮುಂಚೆ ಮನೆಯಲ್ಲಿ ಮಾಡದ ಪ್ರಯತ್ನವಿಲ್ಲ. ಅಮ್ಮ ದೇವರ ಮುಂದೆ ಆಣೆ ಹಾಕಿಸಿದ್ದಳು. ಸಂಬಂಧಿಕರೊಬ್ಬರು ಗೋಡೆ ಮೇಲಿನ ಜಾಹೀರಾತು ನೋಡಿ, ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಪುಡಿ ತರಿಸಿಕೊಟ್ಟಿದ್ದರು. ಅದರಲ್ಲಿ ಏನಿದೆ ಎಂದು ಪೊಟ್ಟಣದ ಮೇಲೆ ಒಂದಕ್ಷರ ಇರಲಿಲ್ಲ. ನಾನು ಬಚ್ಚಲಿಗೆ ಸುರಿದೆ. ನಿಮ್ಮ ಮನೆಯಲ್ಲೂ ಅಂಥದ್ದಿದ್ದರೆ ಸುರಿದುಬಿಡಿ.

ಮೀಟಿಂಗ್‌ಗಿಂತ ಮೊದಲು ವೈದ್ಯರ ಬಳಿ ಹೋಗಿದ್ದು ಒಳ್ಳೆಯದಾಯಿತು. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಬೆವರು ಶುರುವಾಗಿ ಕೆಲವರಿಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಗಳಲ್ಲಿ ಇಲ್ಲದ್ದೆಲ್ಲ ಕಾಣುವ ಭ್ರಮೆ ಹಿಡಿಯಬಹುದು, ಪ್ರಾಣಕ್ಕೂ ಅಪಾಯ. ‘ಗಂಡಸಾದ್ರೆ ಇವತ್ತೇ ಬಿಡು’ ಎಂದು ಸವಾಲು ಹಾಕುವವರಿಗೆ ಇದು ಗೊತ್ತಿರುವುದಿಲ್ಲ. ಎಲ್ಲಿ ಕೇಳಬೇಕು ಎಂದು ತಿಳಿಯದಿದ್ದರೆ ಟೆಲಿ ಮಾನಸ್‌ನ 14416 ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ.

ಮಾತ್ರೆಯಿಂದ ಅಪ್ಪನ ಕೈನಡುಕವೇನೋ ನಿಂತಿತು. ಆದರೆ ಸಂಜೆ ಏಳು ಗಂಟೆ ಎಲ್ಲಿ ಹೋಗುತ್ತದೆ? ಆ ಹೊತ್ತಿಗೆ ಕಾಲು ತಾನಾಗಿ ಬಾರ್ ಕಡೆ ತಿರುಗುತ್ತದೆ ಎಂದು ಅವರೇ ಹೇಳುತ್ತಿದ್ದರು. ಇದನ್ನು ನಮಗಿಂತ ಚೆನ್ನಾಗಿ ಬಲ್ಲವರು ಕುಡಿತ ಬಿಟ್ಟವರೇ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ, ವ್ಯವಹಾರ ಕೈಕೊಟ್ಟು ಒಂಟಿಯಾಗಿದ್ದ ಬಿಲ್ ವಿಲ್ಸನ್ ಎಂಬ ಶೇರು ದಲ್ಲಾಳಿಗೆ ಮತ್ತೆ ಕುಡಿದುಬಿಡುತ್ತೇನೆ ಎಂಬ ಭಯ ಹತ್ತಿತು. ತನ್ನಂಥ ಇನ್ನೊಬ್ಬ ಕುಡುಕನ ಜತೆ ಮಾತಾಡಬೇಕು ಎಂದು ಆತ ಫೋನ್ ಮಾಡಿ ಹುಡುಕಿದ. ಸಿಕ್ಕವರು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಅವರಿಬ್ಬರ ಮಾತುಕತೆಯೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ‘ಎಎ’ ಆಯಿತು. ನಮ್ಮಲ್ಲಿ ಧರ್ಮಸ್ಥಳದ ಯೋಜನೆಯವರು ಊರೂರಲ್ಲಿ ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರದ ಹೆಸರು ನೀವು ಕೇಳಿರುತ್ತೀರಿ. ಅಲ್ಲಿಯೂ ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿ ಇದೆ. ಎಂಟು ದಿನ ಸಾಲದು ಎಂಬುದು ಅವರಿಗೂ ಗೊತ್ತು.

ಹತ್ತಿರದ ಊರು ಬೇಡವೇ ಬೇಡ ಎಂದರು ಅಪ್ಪ. ಹೀಗಾಗಿ ಭಾನುವಾರ ಬೆಂಗಳೂರಿನ ರೈಲು. ಮಾಕಳಿದುರ್ಗದ ಬೆಟ್ಟ ದಾಟುವವರೆಗೂ ಅವರು ಕಿಟಕಿ ಬಿಟ್ಟು ಈಚೆ ಮುಖ ತಿರುಗಿಸಲಿಲ್ಲ.

ನಾವು ಹೋದದ್ದು ಮನೆಯವರೂ ಕೂರಬಹುದಾದ ಮುಕ್ತ ಸಭೆಗೆ. ಕುಡಿಯುವವರಿಗೆ ಮಾತ್ರ ಮೀಸಲಾದ ಸಭೆಗಳೂ ಇರುತ್ತವೆ, ಹೋಗುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ. ಪ್ಲಾಸ್ಟಿಕ್ ಕುರ್ಚಿ, ಟೀ, ಬಿಸ್ಕತ್ತು. ಆಧಾರ್ ಕೇಳಲಿಲ್ಲ, ಶುಲ್ಕವಿಲ್ಲ, ಊರು ಜಾತಿ ಯಾರಿಗೂ ಬೇಕಿಲ್ಲ. ಕುಡಿತ ಬಿಡುವ ಆಸೆಯೊಂದಿದ್ದರೆ ಸಾಕು, ಅದೇ ಸದಸ್ಯತ್ವ. ದೇವರ ಮಾತು ಬರುತ್ತದೆ, ಆದರೆ ಯಾವ ದೇವರು ಎಂಬುದನ್ನು ಅವರವರಿಗೇ ಬಿಟ್ಟಿದ್ದಾರೆ. ಒಬ್ಬೊಬ್ಬರೇ ತಮ್ಮ ಹೆಸರು ಹೇಳಿ, ತಾವು ಮದ್ಯವ್ಯಸನಿ ಎಂದು ಹೇಳಿಕೊಂಡು ಮಾತಾಡುತ್ತಾರೆ. ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಅವರು ಹೇಳಿದ್ದೇನು ಎಂದು ಇಲ್ಲಿ ಬರೆಯಲಾರೆ. ಅಲ್ಲಿ ಕೇಳಿದ್ದು ಅಲ್ಲಿಯೇ ಇರಬೇಕು. ಅಪ್ಪನ ವಿಷಯವನ್ನು ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಎರಡು ವಾರ ಅಪ್ಪ ಟೀ ಕುಡಿದು ಸುಮ್ಮನೆ ಎದ್ದು ಬಂದರು. ಮೂರನೇ ವಾರ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಹತ್ತು ನಿಮಿಷ ಮಾತಾಡಿದರು. ಮನೆಯಲ್ಲಿ ಅಷ್ಟು ಹೊತ್ತು ಅವರು ಮಾತಾಡಿದ್ದನ್ನು ನಾನು ಕೇಳಿಲ್ಲ.

ಅಲ್ಲಿಯೇ ಒಬ್ಬರು ನನಗೆ ‘ಅಲ್-ಅನಾನ್’ ಬಗ್ಗೆ ಹೇಳಿದರು. ಕುಡಿಯುವವರ ಮನೆಯವರಿಗಾಗಿ 1951ರಲ್ಲಿ ಶುರುವಾದದ್ದು, ಬಿಲ್ ಅವರ ಹೆಂಡತಿ ಲೋಯಿಸ್ ಅದನ್ನು ಕಟ್ಟಿದವರಲ್ಲಿ ಒಬ್ಬರು. ಅಪ್ಪನನ್ನು ಬಿಡಿಸುವುದು ಹೇಗೆ ಎಂದು ಅಲ್ಲಿ ಹೇಳಿಕೊಡುವುದಿಲ್ಲ. ಅವರ ಉಸಿರು ಮೂಸಿ ನೋಡುವುದು, ಜೇಬು ತಡಕುವುದು, ಎಫ್‌ಡಿಎ ಗೈಡ್ ಮುಂದಿಟ್ಟುಕೊಂಡು ಗೇಟಿನ ಸದ್ದಿಗೆ ಕಿವಿ ಕೊಡುವುದು, ಇದೇ ಬದುಕಾಗಿದ್ದ ನನ್ನಂಥವರಿಗೆ ಅದು. ಕುಡಿಯುವ ಅಪ್ಪ ಇರುವ ಗೆಳೆಯರೇ, ಅವರು ಬರಲಿ ಬಿಡಲಿ, ನೀವು ಹೋಗಬಹುದು.

ನಾಲ್ಕು ತಿಂಗಳಾದ ಮೇಲೆ ಒಂದು ಮದುವೆಯಲ್ಲಿ ಅಪ್ಪ ಕುಡಿದರು. ಅಮ್ಮ ಎರಡು ದಿನ ಮಾತು ಬಿಟ್ಟಳು. ಆದರೆ ಭಾನುವಾರ ಅವರೇ ಮೊದಲು ಚಪ್ಪಲಿ ಮೆಟ್ಟಿ ನಿಂತರು. ಕೋಣೆಯಲ್ಲಿ ಯಾರೂ ಬೈಯಲಿಲ್ಲ. ‘ಬಂದ್ರಲ್ಲ, ಕೂತ್ಕೊಳ್ಳಿ’ ಎಂದರು. ಲೆಕ್ಕ ಮತ್ತೆ ಒಂದರಿಂದ ಶುರುವಾಯಿತು.

ಕುಡಿತ ಬಿಡಬೇಕೆಂಬ ಇಬ್ಬರು ಮೂವರು ಒಟ್ಟು ಸೇರಿದರೂ ಅದು ಎಎ ಗುಂಪೇ ಎನ್ನುತ್ತದೆ ಅವರ ಸಂಪ್ರದಾಯ. ಈಗ ರೈಲಿನಲ್ಲಿ ಅಪ್ಪನಿಗೆ ಪಕ್ಕದ ಹಳ್ಳಿಯ ಒಬ್ಬರು ಜತೆಯಾಗಿದ್ದಾರೆ. ಇಬ್ಬರೂ ಗೌರಿಬಿದನೂರಿನಲ್ಲಿ, ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ, ವಾರಕ್ಕೊಂದು ಗಂಟೆ ಸಿಗುವ ಕೋಣೆ ಹುಡುಕುತ್ತಿದ್ದಾರೆ. ಯಾತಕ್ಕೆ ಎಂದು ಕೋಣೆ ಕೊಡುವವರು ಕೇಳಿದರೆ ಏನು ಹೇಳುವುದು ಎನ್ನುವುದು ಮಾತ್ರ ಇನ್ನೂ ಇಬ್ಬರಿಗೂ ಹೊಳೆದಿಲ್ಲ.