ಮನೆಗೊಂದು ಪುಟ್ಟ ನೀರಾಮೆ: ತರುವ ಮುನ್ನ ಯೋಚಿಸಬೇಕಾದ ಸಂಗತಿಗಳು

ಮನೆಯಲ್ಲಿ ಆಮೆಯಿದ್ದರೆ ಸಿರಿ ನೆಲೆಸುತ್ತದೆಂಬ ನಂಬಿಕೆಯಿಂದಲೋ, ಮಕ್ಕಳ ಹಟಕ್ಕೆ ಮಣಿದೋ, ನಗರವಾಸಿಗಳಾದ ಅನೇಕ ಕುಟುಂಬದವರು ಅಲಂಕಾರದ ಮೀನು ಮಾರುವ ಅಂಗಡಿಗಳಿಂದ ಆಮೆಯ ಮರಿಗಳನ್ನು ಕೊಂಡು ತರುತ್ತಿದ್ದಾರೆ. ರೂಪಾಯಿ ನಾಣ್ಯಕ್ಕಿಂತ ತುಸುವೇ ದೊಡ್ಡದಾದ, ಹಸಿರು ಚಿಪ್ಪಿನ ಆ ಮರಿಯನ್ನು ಕಂಡರೆ ಯಾರಿಗಾದರೂ ಅಕ್ಕರೆ ಹುಟ್ಟುವುದು ಸಹಜ. ಆದರೆ ಪುಟ್ಟ ಮರಿ ಬೇರೆ, ಪುಟ್ಟ ಜಾತಿ ಬೇರೆ. ಈ ಭೇದವನ್ನು ಅರಿಯದ ಕಾರಣ ಆ ಮೂಕಪ್ರಾಣಿಯೂ ಬಳಲುತ್ತದೆ, ತಂದವರೂ ಬಳಲುತ್ತಾರೆ. ಆದುದರಿಂದ ಈ ಕುರಿತು ನಾಲ್ಕು ಮಾತು ಬರೆಯುವುದು ಉಚಿತವೆಂದು ಭಾವಿಸಿದ್ದೇವೆ.

ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವುದು ಕಣ್ಣಿನ ಹಿಂದೆ ಕೆಂಪು ಪಟ್ಟೆಯುಳ್ಳ 'ರೆಡ್ ಇಯರ್ಡ್ ಸ್ಲೈಡರ್' ಎಂಬ ಆಮೆ. ಇದರ ತವರು ಅಮೆರಿಕದ ಮಿಸಿಸಿಪಿ ನದಿಯ ಪ್ರದೇಶ. ಮೊಟ್ಟೆಯೊಡೆದು ಬಂದಾಗ ಸುಮಾರು 3 ಸೆಂಟಿಮೀಟರ್ ಉದ್ದವಿರುವ ಇದರ ಹೆಣ್ಣು, ಬೆಳೆದಾಗ 25ರಿಂದ 30 ಸೆಂಟಿಮೀಟರಿನಷ್ಟಾಗುತ್ತದೆ. ಆಗ ಅದಕ್ಕೆ ಗಾಜಿನ ಬೋಗುಣಿಯಲ್ಲ, ನೂರಾರು ಲೀಟರ್ ನೀರು ಹಿಡಿಯುವ ತೊಟ್ಟಿಯೇ ಬೇಕು. ಒಳ್ಳೆಯ ಆರೈಕೆ ದೊರೆತರೆ 20-30 ವರ್ಷ ಬಾಳುತ್ತದೆ. ಇಂದು ಹಟ ಹಿಡಿದು ತರಿಸಿಕೊಂಡ ಮಗು ಓದು ಮುಗಿಸಿ, ಉದ್ಯೋಗ ಹಿಡಿದು ಬೇರೆ ಊರಿಗೆ ಹೋದ ಮೇಲೂ ಆಮೆ ತಾಯಿಯ ಪಾಲಿಗೆ ಉಳಿದಿರುತ್ತದೆ.

ಹಾಗಾದರೆ ನಿಜವಾಗಿ ಪುಟ್ಟದಾದ ನೀರಾಮೆಯೇ ಇಲ್ಲವೆ? ಇದೆ. ಪೂರ್ವ ಅಮೆರಿಕದ 'ಮಸ್ಕ್ ಟರ್ಟಲ್' ಎಂಬ ಜಾತಿ ಪೂರ್ಣ ಬೆಳೆದರೂ 8ರಿಂದ 14 ಸೆಂಟಿಮೀಟರ್ ದಾಟುವುದಿಲ್ಲ. ಬೆದರಿದಾಗ ದುರ್ಗಂಧ ಸೂಸುವುದರಿಂದ ಇದಕ್ಕೆ ಆ ಹೆಸರು. ಇದು ಚುರುಕಾಗಿ ಈಜುವುದಕ್ಕಿಂತ ನೀರಿನ ತಳದಲ್ಲಿ ನಡೆದಾಡುವುದೇ ಹೆಚ್ಚು. ಇದೇ ಕುಟುಂಬದ 'ಮಡ್ ಟರ್ಟಲ್'ಗಳಲ್ಲಿಯೂ ಕೆಲವು ಇಷ್ಟೇ ಗಾತ್ರದವು. ಸ್ಥಳದ ದೃಷ್ಟಿಯಿಂದ ನೋಡಿದರೆ ಇವು ಮನೆಗೆ ಹೆಚ್ಚು ಹೊಂದುವ ಜಾತಿಗಳು. ಆದರೆ ಗಾತ್ರ ಕಿರಿದೆಂದು ಆಯುಷ್ಯ ಕಿರಿದಲ್ಲ. ಇವೂ ಹಲವು ದಶಕ ಬದುಕಬಲ್ಲವು.

ನಮ್ಮ ಓದುಗರಲ್ಲಿ ಬಹುಪಾಲು ಶಾಕಾಹಾರಿಗಳ ಮನೆಯವರು. ಅವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಆಮೆಯ ಆಹಾರ. ಮಸ್ಕ್ ಆಮೆ ಬಸವನಹುಳು, ಎರೆಹುಳು, ಕೀಟಗಳನ್ನು ತಿಂದು ಬದುಕುವ ಪ್ರಾಣಿ. ಕೆಂಪು ಪಟ್ಟೆಯ ಆಮೆಯೂ ಮರಿಯಾಗಿದ್ದಾಗ ಮುಖ್ಯವಾಗಿ ಇಂಥದನ್ನೇ ಬೇಡುತ್ತದೆ. ಬೆಳೆದಂತೆ ಸೊಪ್ಪು, ಜಲಸಸ್ಯಗಳನ್ನು ಹೆಚ್ಚಾಗಿ ತಿನ್ನುತ್ತದೆ. ಅಂಗಡಿಯ ಗುಳಿಗೆಗಳಲ್ಲಿಯೂ ಸಾಮಾನ್ಯವಾಗಿ ಮೀನಿನ ಪುಡಿ ಇರುತ್ತದೆ. ಅನ್ನ, ರೊಟ್ಟಿಯ ಚೂರುಗಳನ್ನಷ್ಟೇ ಹಾಕಿ ನಮ್ಮ ಆಚಾರಕ್ಕೆ ಅದನ್ನು ಒಗ್ಗಿಸಲು ಹೊರಡುವುದು ದಯೆಯಲ್ಲ, ಹಿಂಸೆ. ಈ ಆಹಾರವನ್ನು ಒದಗಿಸಲು ಮನಸ್ಸು ಒಪ್ಪದಿದ್ದರೆ ಆಮೆಯನ್ನು ತಾರದಿರುವುದೇ ಧರ್ಮ.

ಇನ್ನು ವಸತಿಯ ಮಾತು. ಆಮೆ ನೀರಿನಲ್ಲಿಯೇ ತಿಂದು ನೀರಿನಲ್ಲಿಯೇ ವಿಸರ್ಜಿಸುವುದರಿಂದ ಶೋಧಕ ಯಂತ್ರ ಬೇಕು, ನೀರನ್ನು ಆಗಾಗ ಬದಲಿಸಲೂ ಬೇಕು. ಮೇಲೇರಿ ಮೈ ಒಣಗಿಸಿಕೊಳ್ಳಲು ಒಂದು ಕಲ್ಲು ಅಥವಾ ಹಲಗೆ ಇರಬೇಕು. ಬಿಸಿಲು ಅಥವಾ ಅದಕ್ಕೆ ಬದಲಾದ ಅತಿನೇರಳೆ ದೀಪ ಮತ್ತು ಸುಣ್ಣದ ಅಂಶವುಳ್ಳ ಆಹಾರ ದೊರೆಯದಿದ್ದರೆ ಚಿಪ್ಪು ಮೆತ್ತಗಾಗಿ ಆಮೆ ನರಳುತ್ತದೆ.

ಮಕ್ಕಳ ಆರೋಗ್ಯವನ್ನೂ ಮರೆಯುವಂತಿಲ್ಲ. ನೋಡಲು ಆರೋಗ್ಯವಾಗಿರುವ ಆಮೆಯ ಮೈಮೇಲೂ ಭೇದಿ, ಜ್ವರ ತರುವ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಈ ಕಾರಣಕ್ಕಾಗಿಯೇ ಅಮೆರಿಕದ ಸರ್ಕಾರ 1975ರಲ್ಲಿ 4 ಅಂಗುಲಕ್ಕಿಂತ ಕಿರಿದಾದ ಆಮೆಗಳ ಮಾರಾಟವನ್ನು ನಿಷೇಧಿಸಿತು. ಆಮೆಯನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ತೊಟ್ಟಿಯನ್ನು ಅಡುಗೆಮನೆಯಲ್ಲಿ ತೊಳೆಯಬಾರದು. ಐದು ವರ್ಷದೊಳಗಿನ ಕೂಸುಗಳಿರುವ ಮನೆಗೆ ಆಮೆ ತಕ್ಕುದಲ್ಲ.

ಕೆರೆಯಲ್ಲಿ ಸಿಕ್ಕ ಆಮೆಯನ್ನೇ ಸಾಕಿದರಾಗದೆ ಎಂದು ಕೆಲವರು ಕೇಳುವುದುಂಟು. ಆಗದು. ನಮ್ಮ ಕೆರೆಹೊಳೆಗಳ ಆಮೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಅವನ್ನು ಹಿಡಿದು ಸಾಕುವುದು ಶಿಕ್ಷಾರ್ಹ. 2022ರ ತಿದ್ದುಪಡಿಯ ಅನ್ವಯ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶೀ ಪ್ರಾಣಿಗಳನ್ನು ಸಾಕುವವರೂ ನೋಂದಣಿ ಮಾಡಿಸಬೇಕು. ಕೊಳ್ಳುವ ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಕ್ಷೇಮ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಸಾಕಲಾರದೆ ಬೇಸತ್ತವರು ಆಮೆಯನ್ನು ಕೆರೆಗೋ ದೇವಾಲಯದ ಕಲ್ಯಾಣಿಗೋ ಬಿಟ್ಟು, ಪುಣ್ಯ ಬಂತೆಂದು ತಿಳಿಯುತ್ತಾರೆ. ಕೆಂಪು ಪಟ್ಟೆಯ ಆಮೆ ಜಗತ್ತಿನ ಅತ್ಯಂತ ಹಾನಿಕರವಾದ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸೇರಿದೆ. ಗುವಾಹಟಿಯ ಉಗ್ರತಾರಾ ದೇವಾಲಯದ ಕೊಳದಲ್ಲಿಯೂ ಇದು ಕಂಡುಬಂದಿದೆ. ಇದು ಸ್ಥಳೀಯ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ತಾಣವನ್ನೂ ಕಸಿಯುತ್ತದೆ, ರೋಗಗಳನ್ನೂ ಹರಡಬಲ್ಲದು. ಒಂದು ಜೀವಕ್ಕೆ ಬಿಡುಗಡೆ ಕೊಟ್ಟೆವೆಂದು ಹಿಗ್ಗುವಷ್ಟರಲ್ಲಿ ನೂರು ಜೀವಗಳ ಅನ್ನ ಕಿತ್ತಂತಾಗುತ್ತದೆ. ಅಂಥವರು ಸಾಕಬಲ್ಲ ಮತ್ತೊಬ್ಬರಿಗೆ ಅದನ್ನು ಒಪ್ಪಿಸಲಿ, ಇಲ್ಲವೆ ಪಶುವೈದ್ಯರ ಅಥವಾ ಅರಣ್ಯ ಇಲಾಖೆಯವರ ಸಲಹೆ ಪಡೆಯಲಿ.

ಬೆಳೆದಾಗ ಎಷ್ಟಾಗುತ್ತದೆ? ಎಷ್ಟು ಕಾಲ ಬಾಳುತ್ತದೆ? ಏನು ತಿನ್ನುತ್ತದೆ? ಸಾಕಲು ಕಾಯಿದೆ ಒಪ್ಪುತ್ತದೆಯೆ? ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ ಈ ನಾಲ್ಕು ಪ್ರಶ್ನೆಗಳಿಗೆ ಮನೆಮಂದಿಯೆಲ್ಲ ಕುಳಿತು ಉತ್ತರ ಕಂಡುಕೊಳ್ಳಲಿ. ಉತ್ತರ ತೃಪ್ತಿಕರವಾಗಿದ್ದರೆ ಪುಟ್ಟ ಜಾತಿಯ ಆಮೆಯೊಂದನ್ನು ತಂದು ಕಡೆತನಕ ಸಾಕಲಿ. ಇಲ್ಲವಾದರೆ ಮಕ್ಕಳ ಕೈ ಹಿಡಿದು ಊರ ಕೆರೆಯ ಏರಿಯ ಮೇಲೆ ಹೋಗಿ, ಬಂಡೆಯ ಮೇಲೆ ಬಿಸಿಲು ಕಾಯುವ ಆಮೆಯನ್ನು ದೂರದಿಂದ ತೋರಿಸಲಿ.