ನಾಲ್ಕು ಮತಗಳ ಅಂತರ

ಪ್ರಜಾಪ್ರಭುತ್ವದಲ್ಲಿ ಪ್ರತಿಯೊಂದು ಮತಕ್ಕೂ ಬೆಲೆಯುಂಟೆಂಬ ಮಾತನ್ನು ನಾವು ಪೌರನೀತಿಯ ಪಾಠದಿಂದಲೂ ಕೇಳುತ್ತ ಬಂದಿದ್ದೇವೆ. ಮಾತು ನಿಜ. ಆದರೆ ಆ ಬೆಲೆಯನ್ನು ಕಟ್ಟುವವರು ಯಾರೆಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಗೆದ್ದವನಿಗೂ ಸೋತವನಿಗೂ ನಡುವೆ ಸಾವಿರಾರು ಮತಗಳ ಅಂತರವಿದ್ದಲ್ಲಿ ಅದು ಹುಟ್ಟುವುದಕ್ಕೆ ಎಡೆಯೇ ಇಲ್ಲ. ಅಂತರವು ಬೆರಳೆಣಿಕೆಗೆ ಇಳಿದಾಗ ಮಾತ್ರ ಜನರ ಕಣ್ಣು ತಕ್ಕಡಿಯನ್ನು ಬಿಟ್ಟು ತಕ್ಕಡಿ ಹಿಡಿದ ಕೈಯತ್ತ ಹೊರಳುತ್ತದೆ. 1984ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಎಂಟನೆಯ ಕ್ಷೇತ್ರದಲ್ಲಿ ಆದುದು ಇದೇ. ಆ ದೇಶದ ಎರಡು ಪಕ್ಷಗಳ ನಡುವೆ ಇಂದು ಕಾಣುವ ಕಂದರದ ಕಥೆಯನ್ನು ಹೇಳುವವರು ಈ ಒಂದು ಕ್ಷೇತ್ರದ ಹೆಸರನ್ನು ಎತ್ತದೆ ಮುಂದುವರಿಯುವುದು ವಿರಳ.

ಅಲ್ಲಿ ಕಾಂಗ್ರೆಸ್ ಎಂದರೆ ಪಕ್ಷವಲ್ಲ, ಸಂಸತ್ತು. ಅದರ ಕೆಳಮನೆಯಾದ ಪ್ರತಿನಿಧಿ ಸಭೆಗೆ ಎರಡು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತದೆ. ಓಹಾಯೊ ನದಿಯ ದಂಡೆಯ ಇವಾನ್ಸ್‌ವಿಲ್ ಪಟ್ಟಣವೇ ಎಂಟನೆಯ ಕ್ಷೇತ್ರದ ಮುಖ್ಯ ನೆಲೆ. 1974ರಿಂದ 1982ರವರೆಗಿನ ಐದು ಚುನಾವಣೆಗಳಲ್ಲಿ ಅಲ್ಲಿನ ಮತದಾರರು ನಾಲ್ಕು ಬಾರಿ ತಮ್ಮ ಪ್ರತಿನಿಧಿಯನ್ನು ಬದಲಿಸಿದ್ದರು. ‘ರಕ್ತಸಿಕ್ತ ಎಂಟನೆಯದು’ ಎಂಬ ಅಡ್ಡಹೆಸರು ಅದಕ್ಕೆ ಬಂದುದು ಹೀಗೆ. ರಕ್ತವೇನೂ ಹರಿದಿರಲಿಲ್ಲ. ಕುಳಿತವನಿಗೆ ಕುರ್ಚಿ ಭದ್ರವಲ್ಲವೆಂಬುದಷ್ಟೆ ಅದರ ಅರ್ಥ.

1984ರ ನವೆಂಬರಿನಲ್ಲಿ ಡೆಮೊಕ್ರಾಟಿಕ್ ಪಕ್ಷದ ಫ್ರಾಂಕ್ ಮೆಕ್‌ಕ್ಲಾಸ್ಕಿ ಎರಡನೆಯ ಅವಧಿಗಾಗಿ ನಿಂತರು. ಅವರೆದುರಿಗೆ ರಿಪಬ್ಲಿಕನ್ ಪಕ್ಷದ ರಿಚರ್ಡ್ ಮೆಕಿನ್‌ಟೈರ್. ಮೊದಲ ಎಣಿಕೆಯಲ್ಲಿ ಮೆಕ್‌ಕ್ಲಾಸ್ಕಿಯವರಿಗೆ 72 ಮತಗಳ ಮುನ್ನಡೆ ದೊರೆಯಿತು. ಬಳಿಕ ಒಂದು ಕೌಂಟಿಯ ಎರಡು ಮತಗಟ್ಟೆಗಳ ಮತಗಳನ್ನು ಎರಡೆರಡು ಸಲ ಎಣಿಸಿದ್ದುದು ಹೊರಬಿದ್ದಿತು. ಆ ತಪ್ಪನ್ನು ತಿದ್ದಿದಾಗ ಮುನ್ನಡೆ ಮೆಕಿನ್‌ಟೈರರ ಪಾಲಾಯಿತು, ಅಂತರ 34. ಡಿಸೆಂಬರಿನಲ್ಲಿ ರಾಜ್ಯದ ಅಧಿಕಾರಿಯು ಗೆಲುವಿನ ಪ್ರಮಾಣಪತ್ರವನ್ನು ಅವರಿಗೇ ನೀಡಿದನು. ಆ ಅಧಿಕಾರಿಯೂ ರಿಪಬ್ಲಿಕನ್ ಪಕ್ಷದವನೇ. ರಾಜ್ಯದ ಮರುಎಣಿಕೆಯಲ್ಲಿ ಅಂತರವು 418ಕ್ಕೆ ಏರಿತು. ಆದರೆ ಈ ಎಣಿಕೆಯಲ್ಲಿ ಐದು ಸಾವಿರಕ್ಕೆ ಸಮೀಪದಷ್ಟು ಮತಪತ್ರಗಳನ್ನು ಬದಿಗಿರಿಸಲಾಗಿತ್ತು. ಮತಗಟ್ಟೆಯ ಗುಮಾಸ್ತರು ಚೀಟಿಯ ಹಿಂಬದಿಯಲ್ಲಿ ಸಹಿಯ ಮೊದಲಕ್ಷರ ಹಾಕಿಲ್ಲ ಎಂಬಂಥ ಕಾರಣಗಳಿಗಾಗಿ, ಅದೂ ಒಂದೊಂದು ಕೌಂಟಿಯಲ್ಲಿ ಒಂದೊಂದು ಬಗೆಯಾಗಿ.

ಪ್ರತಿಯೊಂದು ಸದನವೂ ತನ್ನ ಸದಸ್ಯರ ಚುನಾವಣೆಗೆ ತಾನೇ ನ್ಯಾಯಾಧೀಶನೆಂದು ಅಮೆರಿಕದ ಸಂವಿಧಾನವು ವಿಧಿಸಿದೆ. 1985ರ ಜನವರಿ 3ರಂದು ಹೊಸ ಸಭೆ ಸೇರಿದಾಗ ಬಹುಮತದಲ್ಲಿದ್ದ ಡೆಮೊಕ್ರಾಟರು ಈ ಅಧಿಕಾರವನ್ನು ಬಳಸಿ, ಪ್ರಮಾಣಪತ್ರ ಹಿಡಿದು ಬಂದ ಮೆಕಿನ್‌ಟೈರರನ್ನು ಒಳಗೊಳ್ಳಲಿಲ್ಲ. ಸ್ಥಾನವನ್ನು ಬರಿದಾಗಿ ಇರಿಸಿ ಮೂವರ ಸಮಿತಿಯೊಂದನ್ನು ನೇಮಿಸಿದರು: ಡೆಮೊಕ್ರಾಟರಾದ ಲಿಯಾನ್ ಪನೆಟ್ಟಾ ಮತ್ತು ವಿಲಿಯಂ ಕ್ಲೇ, ರಿಪಬ್ಲಿಕನರಾದ ವಿಲಿಯಂ ಥಾಮಸ್. ಸಮಿತಿಯು ಲೆಕ್ಕಪರಿಶೋಧಕರ ನೆರವಿನಿಂದ ಎಲ್ಲವನ್ನೂ ಮತ್ತೊಮ್ಮೆ ಎಣಿಸಿತು. ಏಪ್ರಿಲ್ ತಿಂಗಳಲ್ಲಿ ಬಂದ ಫಲ ಇದು: ಮೆಕ್‌ಕ್ಲಾಸ್ಕಿ 1,16,645, ಮೆಕಿನ್‌ಟೈರ್ 1,16,641.

ಅಂತರ ನಾಲ್ಕೇ ಮತಗಳು! ಆದರೆ ಗೈರುಹಾಜರಾದವರು ಕಳುಹಿಸಿದ್ದ 32 ಮತಗಳು ಲಕೋಟೆಯಲ್ಲಿಯೇ ಉಳಿದಿದ್ದವು. ಅವುಗಳಲ್ಲಿ ನಿಯಮದಂತೆ ಇರಬೇಕಾದ ದೃಢೀಕರಣವಿರಲಿಲ್ಲವೆಂಬುದು ಆಕ್ಷೇಪ. ಅದೇ ಬಗೆಯ ಕೊರತೆಯಿದ್ದ ಬೇರೆ ಕೆಲವು ಮತಗಳು ಗುಮಾಸ್ತರ ಕೈದಾಟಿ ಮತಗಟ್ಟೆಗೆ ಬಂದು ಎಣಿಕೆಯಲ್ಲಿ ಸೇರಿಹೋಗಿದ್ದವು. ಈ 32ನ್ನು ತೆರೆಯಕೂಡದೆಂದು ಸಮಿತಿಯು ಇಬ್ಬರಿಗೆ ಒಬ್ಬರಂತೆ ನಿರ್ಧರಿಸಿತು. ಆ ಇಬ್ಬರು ಯಾರೆಂದು ಓದುಗರಿಗೆ ಹೇಳಬೇಕಾಗಿಲ್ಲ.

ಮರುಚುನಾವಣೆ ನಡೆಯಲೆಂಬ ಸೂಚನೆಯು ಏಪ್ರಿಲ್ 30ರಂದು 200ಕ್ಕೆ ಎದುರು 229 ಮತಗಳಿಂದ ಬಿದ್ದುಹೋಯಿತು. ಸಭೆಯಲ್ಲಿದ್ದ ರಿಪಬ್ಲಿಕನರು 182 ಮಂದಿ ಮಾತ್ರ. ಎಂದಮೇಲೆ, ಆ 200ರಲ್ಲಿ ಅಂತಃಸಾಕ್ಷಿಗೆ ಓಗೊಟ್ಟು ಗೆರೆ ದಾಟಿದ ಡೆಮೊಕ್ರಾಟರೂ ಇದ್ದರೆಂಬುದನ್ನು ನಾವು ಮರೆಯಬಾರದು. ಮರುದಿನ 236–190ರ ಮತದಿಂದ ಮೆಕ್‌ಕ್ಲಾಸ್ಕಿ ಸದಸ್ಯರೆನಿಸಿದರು. ರಿಪಬ್ಲಿಕನರು ಒಟ್ಟಾಗಿ ಎದ್ದು ಸಭೆಯಿಂದ ಹೊರನಡೆದರು.

ಸಂಸ್ಕೃತದಿಂದ ನಮಗೆ ಬಂದ ‘ಪಕ್ಷ’ವೆಂಬ ಶಬ್ದಕ್ಕೆ ರೆಕ್ಕೆಯೆಂದೂ ಅರ್ಥವಿದೆ, ತಿಂಗಳ ಅರ್ಧಭಾಗವೆಂದೂ ಅರ್ಥವಿದೆ. ಎರಡರಲ್ಲಿಯೂ ಇನ್ನೊಂದು ಪಕ್ಷವಿಲ್ಲದೆ ಒಂದು ಪಕ್ಷವು ಪೂರ್ಣವಾಗದು. ನಮ್ಮ ಶಾಸ್ತ್ರಕಾರರಾದರೋ ತಮ್ಮ ಸಿದ್ಧಾಂತವನ್ನು ಹೇಳುವ ಮುನ್ನ ‘ಪೂರ್ವಪಕ್ಷ’ವನ್ನು, ಎಂದರೆ ಎದುರಾಳಿಯ ವಾದವನ್ನು, ಅವನೇ ಬಂದು ಮಂಡಿಸಿದನೋ ಎಂಬಷ್ಟು ಬಲವಾಗಿ ಮಂಡಿಸುತ್ತಿದ್ದರು. ಇಂಡಿಯಾನಾದ ವ್ಯಾಜ್ಯದಲ್ಲಿ ಎರಡು ಕಡೆಯೂ ವಾದವಿದ್ದಿತು. ಗುಮಾಸ್ತನು ಸಹಿ ಮರೆತುದಕ್ಕೆ ಮತದಾರನೇಕೆ ತನ್ನ ಹಕ್ಕನ್ನು ಕಳೆದುಕೊಳ್ಳಬೇಕು ಎಂಬ ಡೆಮೊಕ್ರಾಟರ ಪ್ರಶ್ನೆ ಪೊಳ್ಳಲ್ಲ. ರಾಜ್ಯದ ಕಾನೂನಿನಂತೆ ಗೆದ್ದವನನ್ನು ಹೊಸಿಲಲ್ಲಿ ನಿಲ್ಲಿಸಿ, ಆಟ ಮುಗಿದ ಮೇಲೆ ಆಟದ ನಿಯಮವನ್ನು ಗೊತ್ತುಮಾಡುವುದು ಯಾವ ನ್ಯಾಯ ಎಂಬ ರಿಪಬ್ಲಿಕನರ ಪ್ರಶ್ನೆಯೂ ಪೊಳ್ಳಲ್ಲ. ಕೊರತೆಯಿದ್ದುದು ವಾದಕ್ಕಲ್ಲ, ಉಭಯರೂ ಒಪ್ಪುವ ನ್ಯಾಯಪೀಠಕ್ಕೆ. ವಾದಿಯೇ ನ್ಯಾಯಾಧೀಶನಾದಲ್ಲಿ ತೀರ್ಪು ಸರಿಯಾಗಿದ್ದರೂ ಸೋತವನಿಗೆ ಅದು ನ್ಯಾಯವೆನಿಸುವುದಿಲ್ಲ.

ಸದನವೇ ತೀರ್ಪುಗಾರನೆಂಬ ಈ ಪದ್ಧತಿ ಅಮೆರಿಕಕ್ಕೆ ಇಂಗ್ಲೆಂಡಿನಿಂದ ಬಂದುದು. ಇಂಗ್ಲೆಂಡು ಅದನ್ನು 1868ರಲ್ಲಿಯೇ ಕೈಬಿಟ್ಟು ಚುನಾವಣಾ ತಕರಾರುಗಳನ್ನು ನ್ಯಾಯಾಧೀಶರಿಗೆ ಒಪ್ಪಿಸಿತು. ನಮ್ಮ ಸಂವಿಧಾನ ಹಿಡಿದುದೂ ಸದನದ ಹೊರಗಿನ ದಾರಿಯನ್ನೇ. 1966ರ ತಿದ್ದುಪಡಿಯ ತರುವಾಯ ಇಂಥ ಅರ್ಜಿಗಳು ಉಚ್ಚ ನ್ಯಾಯಾಲಯಕ್ಕೆ ಹೋಗುತ್ತವೆ. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ 40,752ಕ್ಕೆ ಎದುರಾಗಿ 40,751, ಎಂದರೆ ಒಂದೇ ಮತದ ಅಂತರದಿಂದ ಗೆಲುವು ನಿರ್ಣಯವಾದುದು ಕನ್ನಡ ಓದುಗರ ನೆನಪಿನಲ್ಲಿದೆ. ಅಲ್ಲಿ ಗೆದ್ದವರನ್ನು ಒಳಗೊಳ್ಳಬೇಕೇ ಬೇಡವೇ ಎಂದು ವಿಧಾನಸಭೆಯ ಬಹುಮತವು ಕೈಯೆತ್ತಿ ತೀರ್ಮಾನಿಸುವ ಪ್ರಸಂಗವೇ ಇರಲಿಲ್ಲ.

1985ರ ಗಾಯವು ಮಾಯಲಿಲ್ಲ. ಬಹುಮತದವರೊಡನೆ ಹೊಂದಿಕೊಂಡು ಕೆಲಸ ಸಾಗಿಸೋಣವೆನ್ನುತ್ತಿದ್ದ ಹಿರಿಯ ರಿಪಬ್ಲಿಕನರ ಮಾತು ತೂಕ ಕಳೆದುಕೊಂಡಿತು. ಹೊಂದಾಣಿಕೆಯಿಂದ ಏನೂ ದಕ್ಕದು, ಕದನವೇ ದಾರಿ ಎನ್ನುತ್ತಿದ್ದ ನ್ಯೂಟ್ ಗಿಂಗ್ರಿಚ್ಚರಂಥವರ ಮಾತು ಏರಿತು. 1994ರ ಚುನಾವಣೆಯಲ್ಲಿ ಅವರ ಮುಂದಾಳುತನದಲ್ಲಿ ರಿಪಬ್ಲಿಕನರು ನಲವತ್ತು ವರ್ಷಗಳ ಬಳಿಕ ಪ್ರತಿನಿಧಿ ಸಭೆಯನ್ನು ಗೆದ್ದುಕೊಂಡರು. ಆ ಪ್ರವಾಹದಲ್ಲಿ ಕೊಚ್ಚಿಹೋದವರಲ್ಲಿ ಮೆಕ್‌ಕ್ಲಾಸ್ಕಿಯವರೂ ಒಬ್ಬರು.

ಈ ಒಂದು ಪ್ರಸಂಗದಿಂದಲೇ ಪಕ್ಷಗಳ ನಡುವಣ ಕಂದರ ಹುಟ್ಟಿತೆನ್ನುವುದು ಅತಿಯಾದೀತು. 1950ರಲ್ಲಿ ಆ ದೇಶದ ರಾಜ್ಯಶಾಸ್ತ್ರಜ್ಞರ ಸಂಘವು ತನ್ನ ವರದಿಯೊಂದರಲ್ಲಿ, ಎರಡು ಪಕ್ಷಗಳ ನಡುವೆ ಮತದಾರನಿಗೆ ಸ್ಪಷ್ಟವಾದ ಆಯ್ಕೆಯಿಲ್ಲವೆಂದು ಕೊರಗಿತ್ತು! ದಕ್ಷಿಣದ ಸಂಪ್ರದಾಯಶೀಲ ಡೆಮೊಕ್ರಾಟರೂ ಉತ್ತರದ ಉದಾರವಾದಿ ರಿಪಬ್ಲಿಕನರೂ ಇದ್ದ ಕಾಲವದು. 1960ರ ದಶಕದ ನಾಗರಿಕ ಹಕ್ಕುಗಳ ಕಾನೂನುಗಳ ತರುವಾಯ ಒಬ್ಬೊಬ್ಬರೂ ತಮ್ಮ ತಮ್ಮ ವಿಚಾರದ ಪಕ್ಷಕ್ಕೆ ಸರಿದರು. ನಡುವಿನ ನೆಲ ಬರಿದಾಯಿತು. ಒಂದು ಕಾಲಕ್ಕೆ ತೂಗುಯ್ಯಾಲೆಯಾಗಿದ್ದ ಎಂಟನೆಯ ಕ್ಷೇತ್ರವೇ ಇದಕ್ಕೆ ಸಾಕ್ಷಿ. 2024ರಲ್ಲಿ ಅಲ್ಲಿನ ಸುಮಾರು ಮೂರರಲ್ಲಿ ಎರಡು ಪಾಲು ಮತಗಳು ಒಂದೇ ಪಕ್ಷಕ್ಕೆ ಬಿದ್ದವು. ಇಂಥ ಕ್ಷೇತ್ರದಲ್ಲಿ ಪ್ರತಿನಿಧಿಗೆ ಎದುರು ಪಕ್ಷದ ಭಯವಿಲ್ಲ. ತನ್ನ ಪಕ್ಷದೊಳಗಿನ ಉಗ್ರರ ಭಯ ಮಾತ್ರ.

2020ರಲ್ಲಿ ಅಯೋವಾ ರಾಜ್ಯದ ಎರಡನೆಯ ಕ್ಷೇತ್ರದಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಆರೇ ಮತಗಳಿಂದ ಗೆದ್ದರು. ಸೋತ ಡೆಮೊಕ್ರಾಟ್ ಅಭ್ಯರ್ಥಿ ರೀಟಾ ಹಾರ್ಟ್, ಎಣಿಸದೆ ಬಿಟ್ಟ ಮತಗಳಿವೆಯೆಂದು ಪ್ರತಿನಿಧಿ ಸಭೆಗೆ ಅರ್ಜಿ ಕೊಟ್ಟರು. ಬಹುಮತವು ಆಗಲೂ ಡೆಮೊಕ್ರಾಟರದೇ. ಇಂಡಿಯಾನಾದ ಹಳೆಯ ಕಥೆ ಮತ್ತೆ ಎಲ್ಲರ ಬಾಯಲ್ಲಿ ಬಂದಿತು. 2021ರ ಮಾರ್ಚ್ ಕೊನೆಯಲ್ಲಿ ರೀಟಾ ಹಾರ್ಟ್ ತಮ್ಮ ಅರ್ಜಿಯನ್ನು ಹಿಂತೆಗೆದುಕೊಂಡರು. ಕಾನೂನು ಬದಲಾಗಿರಲಿಲ್ಲ, ಸದನದ ಅಧಿಕಾರವೂ ಕುಂದಿರಲಿಲ್ಲ. ಅದನ್ನು ಬಳಸಿದರೆ ಎದುರು ಪಕ್ಷದವರು ತೀರ್ಪನ್ನು ತೀರ್ಪೆಂದು ನಂಬುವರೇ ಎಂಬ ಶಂಕೆ ಮಾತ್ರ ಮೂವತ್ತಾರು ವರ್ಷಗಳಲ್ಲಿ ಬೆಳೆದು ನಿಂತಿತ್ತು.